ಕೆಟ್ಟ ಕೂಲರ್‌ನಲ್ಲಿ ಎರೆಹುಳು ಸಾಕಿದ ಲೆಕ್ಕ

ಮೊನ್ನೆ ಮೊದಲ ಕ್ರೇಟ್ ಖಾಲಿ ಮಾಡಿದೆವು. ಜರಡಿ ಹಿಡಿದ ಮೇಲೆ 11 ಕೆಜಿ ಗೊಬ್ಬರ ಬಂತು. ಕರ್ರಗೆ, ಚಹಾಪುಡಿಯ ಹಾಗೆ ಉದುರುದುರಾಗಿದೆ. ಮೂಗಿನ ಹತ್ತಿರ ಹಿಡಿದರೆ ಮೊದಲ ಮಳೆ ಬಿದ್ದ ಎರಿ ಹೊಲದ ವಾಸನೆ. ಇಲ್ಲಿಗೆ ಬರಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಒಂದು ಸಲ ಹುಳುಗಳೆಲ್ಲ ಸತ್ತವು, ಇನ್ನೊಂದು ಸಲ ಅರ್ಧಕ್ಕರ್ಧ ಹೋಗುವುದರಲ್ಲಿದ್ದವು. ನೆನಪು ಹಸಿ ಇರುವಾಗಲೇ ಅಳತೆ, ರೊಕ್ಕ, ತಪ್ಪು ಎಲ್ಲ ಬರೆದಿಡುತ್ತಿದ್ದೇನೆ.

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಹಂಚಿನ ಮನೆ. ಹಿತ್ತಲು ಚಿಕ್ಕದು, ಒಂದು ನುಗ್ಗೆ ಮರ, ಒಂದು ಕರಿಬೇವು, ಹತ್ತು ಹದಿನೈದು ಕುಂಡ. ಮನೆಯಲ್ಲಿ ನಾಲ್ಕು ಮಂದಿ. ಒಂದು ವಾರ ದಿನಾ ತೂಗಿ ನೋಡಿದೆ. ಕಾಯಿಪಲ್ಲೆ ಸಿಪ್ಪೆ, ಹಣ್ಣಿನ ಸಿಪ್ಪೆ, ಸೋಸಿದ ಚಹಾಪುಡಿ ಸೇರಿ ದಿನಕ್ಕೆ 600ರಿಂದ 700 ಗ್ರಾಂ ಆಗುತ್ತಿತ್ತು.

ಫೆಬ್ರವರಿ 22: ಪೇಂಟ್ ಬಕೆಟ್, ಮೊದಲ ಸೋಲು

ಮನೆಗೆ ಬಣ್ಣ ಹೊಡೆಸಿದಾಗ ಉಳಿದ 20 ಲೀಟರ್ ಬಕೆಟ್ ಇತ್ತು. ತಿಕ್ಕಿ ತೊಳೆದೆ. ಸ್ಕ್ರೂಡ್ರೈವರ್ ಕಾಯಿಸಿ ತಳಕ್ಕೆ ಎಂಟು ತೂತು ಹಾಕಿದೆ. ಬದಿಗೆ ಒಂದೂ ಹಾಕಲಿಲ್ಲ, ಇದು ಮೊದಲ ತಪ್ಪು. ತಳಕ್ಕೆ ಇಟ್ಟಿಗೆ ಚೂರು, ಅದರ ಮೇಲೆ ಆವತ್ತೇ ತಂದ ಹಸಿ ಹೆಂಡಿ (ಸಗಣಿ) 5 ಕೆಜಿ, ಅದರ ಮೇಲೆ ಮೂರ್ನಾಲ್ಕು ದಿನದಿಂದ ಕೂಡಿಸಿಟ್ಟ ಅಡುಗೆಮನೆ ಕಸ 3 ಕೆಜಿ. ನರೇಂದ್ರದ ಕಡೆಯ ಒಬ್ಬ ರೈತರಿಂದ ಅರ್ಧ ಕೆಜಿ ಹುಳು ತಂದಿದ್ದೆ, ₹200. ದಪ್ಪನೆಯ, ನೇರಳೆ ಹೊಳಪಿನ ಆಫ್ರಿಕನ್ ಜಾತಿ, ಯೂಡ್ರಿಲಸ್. ಅವನ್ನು ಬಿಟ್ಟು ಮುಚ್ಚಳ ಬಿಗಿದೆ.

ಮೂರನೆಯ ದಿನ ಬಕೆಟ್ ಮುಟ್ಟಿದರೆ ಹೊರಗಿನಿಂದಲೇ ಬೆಚ್ಚಗೆ ಹತ್ತಿತು. ಹೆಂಡಿ ಕೊಳೆಯುತ್ತಿದೆ, ಒಳ್ಳೆಯದೇ ಅಂದುಕೊಂಡೆ. ನಾಲ್ಕನೆಯ ದಿನ ಮುಚ್ಚಳ ತೆಗೆದಾಗ ಗಟಾರದ ವಾಸನೆ ಹೊಡೆಯಿತು. ಹುಳುಗಳೆಲ್ಲ ಮುಚ್ಚಳದ ಅಂಚಿಗೆ ಬಂದು ಒಂದಕ್ಕೊಂದು ಸುತ್ತಿಕೊಂಡು, ಮೆತ್ತಗಾಗಿ ಸತ್ತಿದ್ದವು. ಹೊರಗೆ ಬರಲು ಎಷ್ಟು ಒದ್ದಾಡಿದ್ದವು ಅನ್ನುವುದು ಅವು ಬಿದ್ದ ರೀತಿಯಲ್ಲೇ ಕಾಣುತ್ತಿತ್ತು. ಆ ದಿನ ನನಗೆ ಊಟ ಸೇರಲಿಲ್ಲ.

ಕಾರಣ ಮೂರು. ಹಸಿ ಹೆಂಡಿ ಕೊಳೆಯುವಾಗ ಕಾವು ಏರುತ್ತದೆ, ಆ ಕಾವನ್ನು ಹುಳು ತಡೆಯುವುದಿಲ್ಲ. ಗಾಳಿ ಆಡಲು ದಾರಿ ಇರಲಿಲ್ಲ. ಮತ್ತು ಬಕೆಟ್ ಆಳ, ಬಾಯಿ ಚಿಕ್ಕದು. ಈ ಹುಳುಗಳು ಮೇಲಿನ ಒಂದು ಗೇಣಿನಲ್ಲೇ ಬದುಕುವಂಥವು. ಅವಕ್ಕೆ ಆಳಕ್ಕಿಂತ ಅಗಲ ಬೇಕು.

ಮಾರ್ಚ್ 9: ಕೂಲರ್ ಬಿಚ್ಚಿದ್ದು

ಅಟ್ಟದ ಮೇಲೆ ಮೋಟಾರ್ ಸುಟ್ಟ ಕೂಲರ್ ಒಂದಿತ್ತು. ಪ್ಲಾಸ್ಟಿಕ್ ಮೈ, 65 ಸೆಂ.ಮೀ. ಅಗಲ, 55 ಸೆಂ.ಮೀ. ಆಳ, ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಎತ್ತರ. ಗುಜರಿಯವನು ₹150 ಕೊಡುತ್ತೇನೆ ಅಂದಿದ್ದ. ಅದನ್ನು ಕೆಳಗಿಳಿಸಿ ನೋಡುತ್ತಾ ಕೂತಾಗ ಹೊಳೆಯಿತು. ಮೂರು ಕಡೆ ಗಾಳಿ ಆಡುವ ಜಾಲರಿ ಇದೆ. ತಳಕ್ಕೆ ನೀರಿನ ತೊಟ್ಟಿ, ಅದಕ್ಕೆ ನೀರು ಬಿಡುವ ಬಿರಡೆ. ಜಾಲರಿಗೆ ಒದ್ದೆ ಹುಲ್ಲು ಕಟ್ಟಿದರೆ ಒಳಗೆ ತಂಪು. ಎರೆಹುಳುವಿಗೆ ಬೇಕಾದದ್ದೂ ಇದೇ ಅಲ್ವಾ? ನೆರಳು, ಗಾಳಿ, ತಂಪು, ಕೆಳಗೆ ನೀರು ಸೋರಲು ಜಾಗ.

ಮೋಟಾರಿನ ನಾಲ್ಕು ಬೋಲ್ಟ್ ತುಕ್ಕು ಹಿಡಿದು ಕೂತಿದ್ದವು. ರಾತ್ರಿ ಕೊಬ್ಬರಿ ಎಣ್ಣೆ ಬಿಟ್ಟೆ. ಬೆಳಗ್ಗೆ ಮೂರು ಬಿಚ್ಚಿಕೊಂಡವು, ನಾಲ್ಕನೆಯದನ್ನು ಕೊಯ್ದೆ. ಫ್ಯಾನ್, ಪಂಪ್, ವೈರ್ ಎಲ್ಲ ತೆಗೆದೆ. ಹಳೆಯ ಹುಲ್ಲಿನ ಮೇಲೆ ಬೋರ್ ನೀರಿನ ಉಪ್ಪು ಬಿಳಿ ಹರಳಾಗಿ ಕೂತಿತ್ತು. ಹುಳುವಿಗೆ ಉಪ್ಪು ಆಗಿಬರುವುದಿಲ್ಲ, ಹುಲ್ಲು ಪೂರ್ತಿ ಎಸೆದೆ. ಚೌಕಟ್ಟು ತೊಳೆದು ಅದಕ್ಕೆ ಅಕ್ಕಿಯ ಗೋಣಿಚೀಲ ಎರಡು ಪದರ ಹೊಲಿದೆ. ದಬ್ಬಣ, ಸುತಳಿ ಮನೆಯಲ್ಲೇ ಇದ್ದವು.

ಕೂಲರಿನ ಮೇಲ್ಭಾಗವನ್ನು ಹ್ಯಾಕ್ಸಾ ಬ್ಲೇಡಿನಿಂದ ನಾಲ್ಕೂ ಬದಿ ಕೊಯ್ದು ಮುಚ್ಚಳ ಮಾಡಿಕೊಂಡೆ. ಎರಡು ತಾಸಿನ ಕೆಲಸ, ಬ್ಲೇಡಿಗೆ ಅರಿವೆ ಸುತ್ತಿಕೊಂಡಿದ್ದರೂ ಅಂಗೈ ಗುಳ್ಳೆ ಎದ್ದಿತು. ಕೀಲಿಗೆ ಹಳೆಯ ಸೈಕಲ್ ಟ್ಯೂಬಿನ ಎರಡು ಪಟ್ಟಿ, ನಾಲ್ಕು ಬೋಲ್ಟ್. ಕಬ್ಬಿಣದ ಕೀಲು ಆಗಿದ್ದರೆ ಈ ತೇವಕ್ಕೆ ಒಂದೇ ಮಳೆಗಾಲದಲ್ಲಿ ತುಕ್ಕು ತಿನ್ನುತ್ತಿತ್ತು. ಟ್ಯೂಬು ಇನ್ನೂ ಗಟ್ಟಿ ಇದೆ. ಪಂಪಿನ ವೈರ್ ಹೋಗುವ ತೂತಿಗೆ ಎಂ-ಸೀಲ್ ಹಚ್ಚಿದೆ.

ಮಾರ್ಚ್ 15: ಕ್ರೇಟ್ ಕೂಡಲಿಲ್ಲ

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋದಾಗ ಹಿಡಿಕೆ ಮುರಿದ ಎರಡು ಟೊಮೆಟೊ ಕ್ರೇಟ್ ತಂದೆ, ಒಂದಕ್ಕೆ ₹50. ಅಳತೆ 54, 36, 29 ಸೆಂ.ಮೀ. ಕೂಲರ್ 65 ಸೆಂ.ಮೀ. ಅಗಲ ಇದೆ, ಬೇಕಾದಷ್ಟು ಜಾಗ ಅಂತ ಲೆಕ್ಕ ಹಾಕಿದ್ದೆ. ನಾನು ಅಳೆದದ್ದು ಹೊರಮೈ. ಒಳಗೆ ಜಾಲರಿ ಚೌಕಟ್ಟು ಹಿಡಿಯುವ ಪ್ಲಾಸ್ಟಿಕ್ ಕೊಕ್ಕೆಗಳು ಎರಡೂ ಕಡೆ ಚಾಚಿಕೊಂಡಿವೆ. ನಿಜವಾಗಿ ಸಿಕ್ಕಿದ್ದು 52 ಸೆಂ.ಮೀ. ಮಾತ್ರ. ಕ್ರೇಟ್ ಅರ್ಧಕ್ಕೆ ಇಳಿದು ಸಿಕ್ಕಿಹಾಕಿಕೊಂಡಿತು. ಅದನ್ನು ಹೊರಗೆ ತೆಗೆಯುವಾಗ ಒಂದು ಮೂಲೆ ಸೀಳಿತು.

ಕೊಕ್ಕೆಗಳನ್ನೆಲ್ಲ ಕೊಯ್ದು, ಜಾಲರಿ ಚೌಕಟ್ಟನ್ನು ತಂತಿಯಿಂದ ಹೊರಗಡೆಯಿಂದ ಕಟ್ಟಿದೆ. ಈಗ ಕ್ರೇಟ್ ಸಲೀಸಾಗಿ ಇಳಿಯುತ್ತದೆ, ಸುತ್ತ ಬೆರಳು ಹೋಗುವಷ್ಟು ಗಾಳಿ ಜಾಗವೂ ಉಳಿಯಿತು. ಏನೇ ಕೂಡಿಸುವುದಿದ್ದರೂ ಒಳಅಳತೆ ತೆಗೆದುಕೊಳ್ಳಿ, ಅದೂ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗದಲ್ಲಿ.

ತೊಟ್ಟಿಯೊಳಗೆ ನಾಲ್ಕು ಇಟ್ಟಿಗೆ ಅಡ್ಡ ನಿಲ್ಲಿಸಿ, ಅದರ ಮೇಲೆ ಹಳೆಯ ಪಾತ್ರೆ ಸ್ಟ್ಯಾಂಡಿನ ಒಂದು ಅಂತಸ್ತು ಇಟ್ಟೆ. ಅದರ ಮೇಲೆ ಕ್ರೇಟ್. ಸೋರಿದ ನೀರಿಗೂ ಕ್ರೇಟಿಗೂ ಒಂದು ಗೇಣಿನಷ್ಟು ಅಂತರ. ಕ್ರೇಟಿನ ಬದಿಯ ತೂತುಗಳು ದೊಡ್ಡವು, ಹರಿದ ನೈಲಾನ್ ಸೊಳ್ಳೆಪರದೆ ಕತ್ತರಿಸಿ ಒಳಬದಿಗೆ ಸುತ್ತಿದೆ. ಹತ್ತಿ ಅರಿವೆ ಹಾಕಬೇಡಿ, ಅದು ಅಲ್ಲೇ ಕೊಳೆತು ಹೋಗುತ್ತದೆ. ಮೇಲಿನ ಕ್ರೇಟಿನ ತಳಕ್ಕೆ ಮಾತ್ರ ಪರದೆ ಹಾಕಲಿಲ್ಲ. ಹುಳು ಕೆಳಗಿನಿಂದ ಮೇಲಕ್ಕೆ ಹತ್ತಬೇಕಲ್ಲ.

ಮಾರ್ಚ್ 16ರಿಂದ ಏಪ್ರಿಲ್ 6: ಕಾಯುವುದು

ಎಮ್ಮೆ ಕಟ್ಟಿದವರ ಮನೆಯಿಂದ ಒಂದು ಚೀಲ ಹೆಂಡಿ ತಂದೆ, ₹40. ಪೇಢೆಗೆ ಹಾಲು ಕೊಡುವ ಧಾರವಾಡಿ ಎಮ್ಮೆಯದು. ನುಗ್ಗೆ ಮರದ ಕೆಳಗೆ ಹರವಿ, ಮೂರು ದಿನಕ್ಕೊಮ್ಮೆ ತಿರುವಿ ಹಾಕಿ, ನೀರು ಚಿಮುಕಿಸುತ್ತಾ 20 ದಿನ ಬಿಟ್ಟೆ. ಈ ಸಲ ಗಾಜಿನ ಥರ್ಮಾಮೀಟರ್ ಒಂದು ಕೊಂಡೆ, ₹120. ಇಷ್ಟರಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ. ಎರಡನೆಯ ದಿನ ರಾಶಿಯ ನಡುವೆ 46 ಡಿಗ್ರಿ ತೋರಿಸಿತು. ಬಕೆಟ್ಟಿನಲ್ಲಿ ಏನಾಗಿತ್ತು ಅನ್ನುವುದು ಆಗ ಕಣ್ಣಿಗೆ ಕಂಡಂತಾಯಿತು. ಇಪ್ಪತ್ತನೆಯ ದಿನ 28 ಡಿಗ್ರಿ. ವಾಸನೆ ಹೋಗಿತ್ತು, ಹಿಡಿದರೆ ಪುಡಿಯಾಗುತ್ತಿತ್ತು.

ಏಪ್ರಿಲ್ 6ಕ್ಕೆ ಹಾಸಿಗೆ ಹಾಕಿದೆ. ತಳಕ್ಕೆ ಶೇಂಗಾ ಸಿಪ್ಪೆ 5 ಸೆಂ.ಮೀ., ಅದರ ಮೇಲೆ ಹರಿದ ಪೇಪರ್ ಮತ್ತು ಕಿರಾಣಿ ಅಂಗಡಿಯ ತತ್ತಿ ಟ್ರೇ ನೆನೆಸಿ ಹಿಂಡಿದ್ದು 8 ಸೆಂ.ಮೀ., ಅದರ ಮೇಲೆ ಹಳೆ ಹೆಂಡಿ 7 ಸೆಂ.ಮೀ. ಹೊಳಪಿನ ಬಣ್ಣದ ಪೇಪರ್ ಬಳಸಲಿಲ್ಲ. ಒಂದು ಹಿಡಿ ತೆಗೆದು ಗಟ್ಟಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು. ಧಾರೆ ಇಳಿದರೆ ನೀರು ಜಾಸ್ತಿ, ಏನೂ ಬೀಳದಿದ್ದರೆ ಕಡಿಮೆ. ನಳದ ನೀರಿನ ಕ್ಲೋರಿನ್ ನಮಗೆ ತೊಂದರೆ ಮಾಡಲಿಲ್ಲ. ನಮ್ಮ ಓಣಿಯಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ, ಡ್ರಮ್ಮಿನಲ್ಲಿ ತುಂಬಿಟ್ಟದ್ದೇ ಬಳಸುವುದು. ತೆರೆದಿಟ್ಟ ನೀರಿನಲ್ಲಿ ಅದು ತಾನಾಗಿಯೇ ಹೋಗಿರುತ್ತದೆ.

ಏಪ್ರಿಲ್ 8: ಹುಳು ಬಂದವು

ಈ ಸಲ ಪಟ್ಟೆ ಹುಳು ತಂದೆ, ಐಸೀನಿಯಾ ಫೆಟಿಡಾ. ತೆಳ್ಳಗೆ, ಕೆಂಪು, ಮೈಮೇಲೆ ಹಳದಿ ಉಂಗುರ. ಸೆಕೆ, ಚಳಿ, ಕೈಯಾಡಿಸುವುದು ಇದಕ್ಕೆ ಹೆಚ್ಚು ಒಗ್ಗುತ್ತದೆ. ಮತ್ತೆ ಅರ್ಧ ಕೆಜಿ, ಮತ್ತೆ ₹200. ಎಲ್ಲವನ್ನೂ ಒಮ್ಮೆಗೇ ಬಿಡುವ ಧೈರ್ಯ ಇರಲಿಲ್ಲ. ಮೊದಲು 20 ಹುಳು ಎಣಿಸಿ ಬಿಟ್ಟೆ, ಉಳಿದವು ಅವರು ಕೊಟ್ಟ ಮಣ್ಣಿನಲ್ಲೇ ನೆರಳಲ್ಲಿದ್ದವು. 24 ತಾಸಿನ ನಂತರ ಮಗಳು ಹುಡುಕಿ 18 ಎಣಿಸಿದಳು, ಎಲ್ಲ ಚುರುಕಾಗಿದ್ದವು. ಆಮೇಲೆ ಉಳಿದವನ್ನೂ ಬಿಟ್ಟೆವು.

"ಹುಳಾ ಸಾಕಾಕ ಹತ್ತೀಯೇನ?" ಅಂತ ಅವ್ವ ಕೇಳಿದಳು. ಆದರೆ ಮೊದಲ ರಾತ್ರಿ ಟಾರ್ಚ್ ಹಿಡಿದು ನೋಡಲು ಬಂದವಳೂ ಅವಳೇ.

ಮೊದಲ ವಾರ ಅಡುಗೆಮನೆ ಕಸ ಹಾಕಲೇ ಇಲ್ಲ. ಎರಡನೆಯ ವಾರದಿಂದ ದಿನಕ್ಕೆ 200 ಗ್ರಾಂ. ಅರ್ಧ ಕೆಜಿ ಹುಳು ದಿನಕ್ಕೆ ಹೆಚ್ಚೆಂದರೆ ತನ್ನ ತೂಕದ ಅರ್ಧದಷ್ಟು ತಿನ್ನುತ್ತದೆ ಅನ್ನುವ ರೂಢಿ ಲೆಕ್ಕ ಇಟ್ಟುಕೊಂಡೆ. ನಮ್ಮ ಮನೆಯ ಕಸ ಅದರ ಸುಮಾರು ಎರಡೂವರೆ ಪಟ್ಟು. ಉಳಿದದ್ದು ಮೊದಲಿನಂತೆ ಕಸದ ಗಾಡಿಗೇ ಹೋಯಿತು. ಇದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟವಾಯಿತು. ಎದುರಿಗೆ ಕಸ ಕಾಣುತ್ತಿರುತ್ತದೆ, ಇನ್ನೊಂದು ಹಿಡಿ ಹಾಕಿದರೇನು ಅನಿಸುತ್ತದೆ. ಈ ಕೆಲಸದಲ್ಲಿ ಕೈ ತಡೆಯುವುದೇ ದೊಡ್ಡದು. ಮುಂದೆ ಬರೆದ ತೊಂದರೆಗಳಲ್ಲಿ ಅರ್ಧ, ಕೈ ತಡೆಯದೇ ಹೋದದ್ದರಿಂದ ಬಂದವು.

ಉಳ್ಳಾಗಡ್ಡಿ, ಬಳ್ಳೊಳ್ಳಿ ಸಿಪ್ಪೆ, ನಿಂಬೆ ಹೋಳು, ಮೆಣಸಿನಕಾಯಿ, ಉಪ್ಪಿನಕಾಯಿ, ಒಗ್ಗರಣೆ ಬಿದ್ದ ಪಲ್ಲೆ ಹಾಕುವುದಿಲ್ಲ. ಬಾಳೆಹಣ್ಣಿನ ಸಿಪ್ಪೆ, ಸೌತೆಕಾಯಿ, ಹೀರೇಕಾಯಿ ಸಿಪ್ಪೆ, ಮೆಂತ್ಯದ ಕಡ್ಡಿ, ಚಹಾಪುಡಿ ನಡೆಯುತ್ತವೆ. ಎಲ್ಲ ಬೆರಳಿನ ಗಾತ್ರಕ್ಕೆ ಹೆಚ್ಚಿ, ಒಂದು ಮೂಲೆಯಲ್ಲಿ ಹೂತು, ಮೇಲೆ ಒಂದು ಹಿಡಿ ಪೇಪರ್ ಚೂರು. ಮರುದಿನ ಪಕ್ಕದ ಮೂಲೆ.

ಏಪ್ರಿಲ್, ಮೇ: ಬಿಸಿಲು

ಕೂಲರ್ ಇಟ್ಟದ್ದು ಮನೆಯ ಉತ್ತರದ ಗೋಡೆಗೆ. ಗೋಣಿಗೆ ಬೆಳಗ್ಗೆ ಹತ್ತಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ನೀರು ಸುರಿದೆವು, ಸಲಕ್ಕೆ ಎರಡು ತಂಬಿಗೆ. ಏಪ್ರಿಲ್ 24ರ ಮಧ್ಯಾಹ್ನ ಮೂರಕ್ಕೆ ನೆರಳಿನಲ್ಲಿ 37 ಡಿಗ್ರಿ ಇದ್ದಾಗ ಹಾಸಿಗೆಯೊಳಗೆ 30. ಮರುದಿನ ಮಧ್ಯಾಹ್ನ ಬೇಕೆಂದೇ ಗೋಣಿ ಒಣಗಲು ಬಿಟ್ಟೆ, 34ಕ್ಕೆ ಏರಿತು. ತಕ್ಷಣ ನೀರು ಸುರಿದೆ. ಕೂಲರ್ ಕೆಟ್ಟ ಮೇಲೂ ಕೂಲರ್ ಕೆಲಸ ಮಾಡುತ್ತಿದೆ ಅಂತ ಖುಷಿಯಾಯಿತು.

ಬಸವ ಜಯಂತಿಗೆ ಮನೆಯಲ್ಲಿ ಹೋಳಿಗೆ, ಆಪೂಸಿನ ಶೀಕರಣೆ. ಇಪ್ಪತ್ತು ಹಣ್ಣಿನ ಸಿಪ್ಪೆ ಬಿತ್ತು. ಇಷ್ಟು ದಿನ ಮಿತಿಯಲ್ಲಿ ಹಾಕಿದ್ದೆ, ಹಬ್ಬದ ದಿನ ಅವಕ್ಕೂ ಇರಲಿ ಅಂತ ಎಲ್ಲ ಒಮ್ಮೆಗೇ ಹರವಿಬಿಟ್ಟೆ. ಮರುದಿನ ಸಂಜೆ ಮುಚ್ಚಳ ಎತ್ತಿದರೆ ಹುಳಿತ ಹೆಂಡದಂಥ ವಾಸನೆ. ಥರ್ಮಾಮೀಟರ್ 39 ತೋರಿಸಿತು. ಹುಳುಗಳು ಗುಂಪುಗುಂಪಾಗಿ ಸೊಳ್ಳೆಪರದೆಗೆ ಅಂಟಿಕೊಂಡಿದ್ದವು, ಕೆಲವು ತೊಟ್ಟಿಗೆ ಬಿದ್ದಿದ್ದವು.

ರಾತ್ರಿ ಒಂಬತ್ತಕ್ಕೆ ಎಲ್ಲರೂ ಕೂತು ಸಿಪ್ಪೆ ಆರಿಸಿ ತೆಗೆದೆವು. ಹಾಸಿಗೆಯನ್ನು ಕೈಯಿಂದ ಸಡಿಲ ಮಾಡಿ, ಒಣ ಪೇಪರ್ ಒಂದು ಬುಟ್ಟಿ ಬೆರೆಸಿ, ಮುಚ್ಚಳ ತೆಗೆದಿಟ್ಟೆವು. ತೊಟ್ಟಿಯಲ್ಲಿ ಬಿದ್ದವನ್ನು ಮಗಳು ಚಮಚದಿಂದ ಒಂದೊಂದಾಗಿ ಎತ್ತಿ ಹಾಕಿದಳು. ಬೆಳಗ್ಗೆ 31ಕ್ಕೆ ಇಳಿದಿತ್ತು. ಸತ್ತವು ಅರವತ್ತರ ಮೇಲೆ, ಉಳಿದವು ಉಳಿದವು. ಹಣ್ಣಿನ ಸಕ್ಕರೆ ಹುಳಿಯುವಾಗಲೂ ಕಾವು ಏರುತ್ತದೆ, ಗಾಳಿಯೂ ತೀರುತ್ತದೆ. ಆಮೇಲೆ ಮಾವಿನ ಸಿಪ್ಪೆಯನ್ನು ಎರಡು ದಿನ ಬಿಸಿಲಿಗೆ ಬಾಡಿಸಿ, ದಿನಕ್ಕೆ ಒಂದು ಮುಷ್ಟಿ ಮಾತ್ರ ಹಾಕಿದೆ. ಏನೂ ಆಗಲಿಲ್ಲ.

ಜೂನ್: ಮಳೆ, ಇರುವೆ, ಸೊಳ್ಳೆ

ಜೂನ್ ಮೊದಲ ವಾರ ಜೋರು ಮಳೆ ಬಂದ ರಾತ್ರಿ ಹುಳುಗಳು ಮುಚ್ಚಳದ ಒಳಮೈಗೆ ಹತ್ತಿ ಹೊರಟವು. ಬೆಳಗ್ಗೆ ಪರ್ಸಿ ಕಲ್ಲಿನ ಮೇಲೆ ಹತ್ತಿಪ್ಪತ್ತು ಒಣಗಿ ಬಿದ್ದಿದ್ದವು. ಮುಂದಿನ ಮೂರು ರಾತ್ರಿ ಮುಚ್ಚಳದ ಕೆಳಗೆ ಝೀರೋ ಬಲ್ಬ್ ಹೊತ್ತಿಸಿಟ್ಟೆ. ಎರೆಹುಳುವಿಗೆ ಬೆಳಕು ಆಗದು, ಒಳಗೇ ಉಳಿದವು. ಒದ್ದೆ ಗಾಳಿಯಲ್ಲಿ ಗೋಣಿ ಆರುವುದೇ ಇಲ್ಲ, ಬೂಷ್ಟು ಹಿಡಿಯಿತು. ನೀರು ಸುರಿಯುವುದನ್ನು ಮೇ ಕೊನೆಗೇ ನಿಲ್ಲಿಸಬೇಕಿತ್ತು. ಗೋಣಿ ಬಿಚ್ಚಿ ತೆಗೆದು, ಬರೀ ಜಾಲರಿ ಬಿಟ್ಟೆ.

ಆಮೇಲೆ ಕೆಂಪಿರುವೆ. ಕೂಲರಿನ ನಾಲ್ಕು ಗಾಲಿ ಬಿಚ್ಚಿ, ಮೂಲೆಗೊಂದು ಇಟ್ಟಿಗೆ, ಪ್ರತಿ ಇಟ್ಟಿಗೆಯನ್ನು ನೀರು ತುಂಬಿದ ಹಳೆಯ ಡಬ್ಬಿಯ ಮುಚ್ಚಳದಲ್ಲಿ ನಿಲ್ಲಿಸಿದೆ. ಎರಡು ದಿನಕ್ಕೆ ಮತ್ತೆ ಇರುವೆ. ಹೇಗೆ ಬಂದವು ಅಂತ ಅರ್ಧ ತಾಸು ಕೂತು ನೋಡಿದೆ. ಜಾಲರಿ ಕಟ್ಟಿದ ತಂತಿಯ ಒಂದು ತುದಿ ಗೋಡೆಗೆ ತಾಗಿತ್ತು, ಅದೇ ಅವುಗಳ ಸೇತುವೆ. ತುದಿ ಮಡಚಿ, ಕೂಲರನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿದೆ. ಅಲ್ಲಿಗೆ ಮುಗಿಯಿತು. ಒಳಗೆ ಇರುವೆ ಇದ್ದರೆ ಹಾಸಿಗೆ ಒಣಗಿದೆ ಅಂತಲೂ ಅರ್ಥ. ನಮ್ಮದು ಒಂದು ಬದಿ ಒಣಗಿತ್ತು.

ಎಲ್ಲಕ್ಕಿಂತ ಗಂಭೀರ ತಪ್ಪು ತೊಟ್ಟಿಯದು. ಸೋರಿದ ನೀರು ಕೂಡಿದರೆ ಗಿಡಕ್ಕೆ ಆದೀತು ಅಂತ ಹತ್ತು ದಿನ ಹಾಗೇ ಬಿಟ್ಟಿದ್ದೆ. ಬಿರಡೆ ತೆಗೆದಾಗ ನೀರಿನ ಜೊತೆ ಸೊಳ್ಳೆ ಮರಿಗಳು ಕುಣಿಯುತ್ತಾ ಬಂದವು. ಮನೆಯಲ್ಲಿ ಮಗು, ಮುದುಕಿ ಇರುವಾಗ ಡೆಂಗಿ ಸೊಳ್ಳೆಗೆ ನಾನೇ ಜಾಗ ಮಾಡಿಕೊಟ್ಟಂತಾಗಿತ್ತು. ಈಗ ಎರಡು ದಿನಕ್ಕೊಮ್ಮೆ ಬಿರಡೆ ತೆಗೆದು ಪೂರ್ತಿ ಖಾಲಿ ಮಾಡುತ್ತೇನೆ. ಕೂಲರನ್ನು ಬಿರಡೆಯ ಕಡೆಗೆ ತುಸು ವಾಲಿಸಿದ್ದೇನೆ. ಇಟ್ಟಿಗೆ ಕೆಳಗಿನ ಮುಚ್ಚಳಗಳಲ್ಲಿ ನೀರಿನ ಮೇಲೆ ಕರಿದುಳಿದ ಎಣ್ಣೆ ನಾಲ್ಕು ಹನಿ. ಕೂಲರ್ ಬಳಸುವವರು ಇದೊಂದನ್ನು ಮರೆಯಲೇಬೇಡಿ.

ಆ ಸೋರಿದ ನೀರನ್ನು ಹಾಗೆಯೇ ಮೆಂತ್ಯದ ಮಡಿಗೆ ಹಾಕಿದ್ದೆ, ಮೂರೇ ದಿನದಲ್ಲಿ ಸಸಿಯ ಅಂಚು ಸುಟ್ಟಿತು. ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ, ಅದೂ ದೊಡ್ಡ ಗಿಡದ ಬುಡಕ್ಕೆ ಮಾತ್ರ ಹಾಕುತ್ತಿದ್ದೇನೆ. ಈಗ ಸೋರುವುದೇ ಕಡಿಮೆ. ಜಾಸ್ತಿ ಸೋರುತ್ತಿದೆ ಅಂದರೆ ನೀರು ಜಾಸ್ತಿ ಹಾಕುತ್ತಿದ್ದೇವೆ ಅಂತಲೇ ತಿಳಿಯಬೇಕು.

ಜೂನ್ 28: ಗೂಡು

ಮೂಲೆ ಕೆದರಿದಾಗ ಸಣ್ಣ ಕಾಳುಗಳು ಸಿಕ್ಕವು. ಸಜ್ಜೆ ಕಾಳಿನಷ್ಟು ಗಾತ್ರ, ಜೇನಿನ ಬಣ್ಣ, ಎರಡೂ ತುದಿ ಚೂಪಾಗಿ ಪುಟ್ಟ ನಿಂಬೆಕಾಯಿಯಂತೆ. ಯಾವುದೋ ಬೀಜ ಅಂದುಕೊಂಡು ಮಗಳು ಎಸೆಯುವುದರಲ್ಲಿದ್ದಳು. ಅಂಗೈ ಮೇಲೆ ಇಟ್ಟು ಟಾರ್ಚ್ ಹಿಡಿದೆವು. ಒಂದರೊಳಗೆ ಕೆಂಪು ನೂಲಿನಂಥದ್ದು ಮಿಸುಕಿತು. ಅವು ಎರೆಹುಳುವಿನ ಮೊಟ್ಟೆಯ ಗೂಡುಗಳು, ಒಂದೊಂದು ಗೂಡಿನಿಂದ ಎರಡು ಮೂರು ಮರಿ ಬರುತ್ತವೆ. ಅವ್ವನನ್ನು ಕರೆದು ತೋರಿಸಿದೆವು. ಅವಳು ತುಂಬಾ ಹೊತ್ತು ನೋಡಿ, ಅದನ್ನು ತಾನೇ ಹೆಂಡಿಯೊಳಗೆ ಮುಚ್ಚಿಟ್ಟಳು. ಮಾವಿನ ರಾತ್ರಿಯ ನಂತರ ನನಗಿದ್ದ ಅಳುಕು ಆಗ ಹೋಯಿತು.

ಜುಲೈ 20ರಿಂದ ಸೆಪ್ಟೆಂಬರ್: ತೆಗೆದದ್ದು

ಕೆಳಗಿನ ಕ್ರೇಟ್ ಗೊಬ್ಬರದಿಂದ ತುಂಬಿದಾಗ ಅದಕ್ಕೆ ಕಸ ಹಾಕುವುದನ್ನು ನಿಲ್ಲಿಸಿದೆ. ಎರಡನೆಯ ಕ್ರೇಟಿಗೆ ಹಾಸಿಗೆ ಹಾಕಿ, ಅದರ ತಳ ಕೆಳಗಿನ ಗೊಬ್ಬರಕ್ಕೆ ತಾಗುವಂತೆ ಇಟ್ಟೆ. ಮೊದಲ ಸಲ ನಡುವೆ ಒಂದು ಬೆರಳು ಅಂತರ ಉಳಿದಿತ್ತು, ಎರಡು ವಾರವಾದರೂ ಒಂದು ಹುಳುವೂ ಹತ್ತಲಿಲ್ಲ. ತಾಗಿಸಿದ ಮೇಲೆ ಒಂದು ತಿಂಗಳಲ್ಲಿ ಮುಕ್ಕಾಲು ಪಾಲು ಮೇಲೆ ಬಂದವು.

ಕೆಳಗಿನ ಕ್ರೇಟ್ ಎತ್ತುವಾಗ ಇನ್ನೊಂದು ಕೊರತೆ ಗೊತ್ತಾಯಿತು. ಒದ್ದೆ ಗೊಬ್ಬರ ಸೇರಿ 20 ಕೆಜಿ ಮೇಲಾಗಿತ್ತು. ಅದನ್ನು ಆಳದಿಂದ ನೆಟ್ಟಗೆ ಮೇಲಕ್ಕೆ ಎಳೆಯಬೇಕು, ಹಿಡಿಕೆ ಮುರಿದಿದೆ. ಇಬ್ಬರು ಹಗ್ಗ ಹಾಕಿ ಎತ್ತಿದೆವು, ಸೀಳಿದ ಮೂಲೆ ಇನ್ನಷ್ಟು ಬಿಟ್ಟಿತು. ಮುಚ್ಚಳ ಕೊಯ್ಯುವ ಬದಲು ಫ್ಯಾನ್ ಇದ್ದ ಮುಂಬದಿಯನ್ನು ಬಾಗಿಲು ಮಾಡಿದ್ದರೆ ಡ್ರಾಯರ್ ಹಾಗೆ ಎಳೆಯಬಹುದಿತ್ತು. ಬೇಸಿಗೆಗೆ ಮೊದಲು ಅದನ್ನು ಮಾಡಲೇಬೇಕು.

ಅಂಗಳದಲ್ಲಿ ತಾಡಪತ್ರಿ ಹಾಸಿ, ಗೊಬ್ಬರವನ್ನು ಗೋಪುರದಂತೆ ಆರು ಗುಡ್ಡೆ ಮಾಡಿದೆವು. ಬೆಳಕಿಗೆ ಹುಳು ಒಳಕ್ಕೆ, ಕೆಳಕ್ಕೆ ಇಳಿಯುತ್ತವೆ. ಹದಿನೈದು ನಿಮಿಷಕ್ಕೊಮ್ಮೆ ಮೇಲಿನ ಪದರ ಸವರಿ ತೆಗೆಯುವುದು. ಕೊನೆಗೆ ತಳದಲ್ಲಿ ಹುಳುಗಳ ಉಂಡೆ ಉಳಿಯಿತು, ಅದನ್ನು ಮೇಲಿನ ಕ್ರೇಟಿಗೆ ಬಿಟ್ಟೆವು. ಹಳೆಯ ಮರಳು ಜರಡಿಯಲ್ಲಿ ಹಿಡಿದಾಗ ಶೇಂಗಾ ಸಿಪ್ಪೆ ಇನ್ನೂ ಅರ್ಧ ಹಾಗೇ ಇತ್ತು. ಅದು ಮುಂದಿನ ಕ್ರೇಟಿನ ತಳಕ್ಕೆ ಆಯಿತು.

ಒಟ್ಟು ಖರ್ಚು: ಹುಳು ಎರಡು ಸಲ ₹400, ಕ್ರೇಟ್ ₹100, ಥರ್ಮಾಮೀಟರ್ ₹120, ಹೆಂಡಿ ಎರಡು ಚೀಲ ₹80, ಬ್ಲೇಡ್ ₹30, ಎಂ-ಸೀಲ್ ₹30. ಸೇರಿ ₹760. ಅದರಲ್ಲಿ ಮೊದಲ ₹200 ನನ್ನ ಅವಸರಕ್ಕೆ ಹೋದದ್ದು.

11 ಕೆಜಿಯಲ್ಲಿ ಕುಂಡಕ್ಕೆರಡು ಮುಷ್ಟಿಯಂತೆ ಹಾಕಿದೆವು. ಮೂರು ಕೆಜಿ ಕರಿಬೇವಿನ ಬುಡಕ್ಕೆ. ಒಂದು ಡಬ್ಬಿ ಗೊಬ್ಬರ, ನೂರು ಹುಳು ಪಕ್ಕದ ಮನೆಯವರು ಒಯ್ದರು. ಅವರ ಹತ್ತಿರ ಕೆಟ್ಟ ವಾಷಿಂಗ್ ಮಶಿನ್ನಿನ ತೂತಿನ ಡ್ರಮ್ ಇದೆ. ಹೆಂಡಿ ಹಳೆಯದಾಗಲು 20 ದಿನ ಬಿಡಿ ಅಂತ ಅವರಿಗೆ ಮೂರು ಸಲ ಹೇಳಿದ್ದೇನೆ. ಮೇಲಿನ ಕ್ರೇಟ್ ಈಗ ಅರ್ಧ ತುಂಬಿದೆ. ಇವತ್ತು ಬೆಳಗ್ಗೆ ಹಾಸಿಗೆಯೊಳಗೆ 26 ಡಿಗ್ರಿ ಇತ್ತು.